ಜೇಬಿನ ಚಾಕು ಹಗುರವಾದರೆ ಭಾರ ಯಾರ ಮೇಲೆ?

ಬೆಟ್ಟ ಹತ್ತಲು ಬರುವ ಕಾಲೇಜು ಹುಡುಗರ ಬೆನ್ನುಚೀಲಗಳಲ್ಲಿ ಕಪ್ಪು ಪ್ಲಾಸ್ಟಿಕ್ ಹಿಡಿಯ ಮಡಿಸುವ ಚಾಕು ಈಗ ಸಾಮಾನ್ಯವಾಗಿದೆ. ಐವತ್ತು ಗ್ರಾಮಿಗೂ ಕಡಿಮೆ ತೂಗುತ್ತದೆಂಬುದೇ ಅದರ ದೊಡ್ಡ ಹೆಗ್ಗಳಿಕೆ. ಕೀಲು ಸಡಿಲವಾದರೆ ಬಿಗಿ ಮಾಡಲು ಬಾರದು. ಹಿಡಿ ಸೀಳಿದರೆ ಬದಲಿಸಲು ಬಾರದು. ಅಲಗು ಮೊಂಡಾದರೆ ಸಾಣೆ ಹಿಡಿಸುವ ಗೋಜಿಗಿಂತ ಹೊಸದನ್ನು ಕೊಳ್ಳುವುದೇ ಸುಲಭ. ಪ್ರಕೃತಿ ಶಿಬಿರಗಳನ್ನು ನಡೆಸುವವರು ಕೂಡ ಶಿಬಿರಾರ್ಥಿಗಳಿಗೆ ಇಂಥ ಚಾಕುಗಳನ್ನೇ ಹಂಚುತ್ತಾರೆಂದರೆ, ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ.

ಹಗುರವಾದ ಚಾಕು ಬೇಡವೆಂಬುದು ನಮ್ಮ ವಾದವಲ್ಲ. ಕುರಿಯ ಹಿಂದೆ ದಿನವಿಡೀ ನಡೆಯುವವನಿಗೆ, ಮಾವಿಗೆ ಕಸಿ ಕಟ್ಟುವವಳಿಗೆ, ಜಾಲಿಮುಳ್ಳು ತುಳಿದು ಅದನ್ನು ಬಗೆದು ತೆಗೆಯಬೇಕಾದ ಶಾಲೆಯ ಹುಡುಗನಿಗೆ ಜೇಬಿನಲ್ಲಿ ಭಾರವೆನಿಸದ ಚಾಕು ಬೇಕೇ ಬೇಕು. ಕುಡುಗೋಲನ್ನು ಜೇಬಿನಲ್ಲಿಟ್ಟುಕೊಳ್ಳಲಾಗದು. ಪ್ರಶ್ನೆಯಿರುವುದು ತೂಕವನ್ನು ಎಲ್ಲಿಂದ ತೆಗೆಯಬೇಕು, ಎಲ್ಲಿಂದ ತೆಗೆಯಬಾರದು ಎಂಬಲ್ಲಿ. ಪೇಟೆಯ ಚಾಕು ತೆಗೆಯಬಾರದ ಕಡೆಯಿಂದ ತೆಗೆದಿದೆ. ದುರಸ್ತಿಯ ಸಾಧ್ಯತೆಯನ್ನೇ ಕಿತ್ತುಹಾಕಿ ಅದನ್ನು ಹಗುರವೆಂದು ಮಾರುತ್ತಿದೆ.

ಲೆಕ್ಕ ಹಾಕಿ ನೋಡೋಣ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಬಹುದು. ಉಕ್ಕು ಒಂದು ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ ತೂಗುತ್ತದೆ. 7 ಸೆಂ.ಮೀ. ಉದ್ದ, 1.8 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಅಲಗಿಗೆ ಬೇಕಾದ ಪಟ್ಟಿಯ ತೂಕ ಹೆಚ್ಚೆಂದರೆ 20 ಗ್ರಾಂ. ಬಾಯಿಯ ಕಡೆಗೆ ಇಳಿಜಾರಾಗಿ ತೇದಮೇಲೆ ಅದು ಇನ್ನೂ ಇಳಿಯುತ್ತದೆ. ಹಾಗಾದರೆ ನೂರು ಗ್ರಾಂ ತೂಗುವ ಚಾಕುವಿನಲ್ಲಿ ಉಳಿದ ಭಾರ ಎಲ್ಲಿ ಅಡಗಿದೆ? ಹಿಡಿಯೊಳಗಿನ ಎರಡು ಲೋಹದ ತಗಡುಗಳಲ್ಲಿ. ಹಲವು ಮಡಿಸುವ ಚಾಕುಗಳಲ್ಲಿ ಅಲಗಿನ ಎರಡೂ ಪಕ್ಕಕ್ಕೆ ಇಂಥ ತಗಡುಗಳನ್ನಿಟ್ಟು, ಅವುಗಳ ಹೊರಗೆ ಮರ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುತ್ತಾರೆ. 10 ಸೆಂ.ಮೀ. ಉದ್ದ, 1.6 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪದ ಉಕ್ಕಿನ ತಗಡು ಒಂದಕ್ಕೆ 15 ಗ್ರಾಂ, ಜೋಡಿಗೆ 30. ಹಿತ್ತಾಳೆಯಾದರೆ 33ರ ಸುಮಾರು. ಕತ್ತರಿಸುವ ಅಲಗಿಗಿಂತ ಅದನ್ನು ಹಿಡಿದಿಡುವ ತಗಡುಗಳ ತೂಕವೇ ಹೆಚ್ಚು!

ಈ ತಗಡನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೆ ಜೋಡಿಗೆ 10 ಗ್ರಾಂ, ಟೈಟಾನಿಯಮ್ಮಿನಲ್ಲಿ ಮಾಡಿದರೆ 17. ಸ್ವಿಸ್ ಸೇನೆಯ ಚಾಕುವೆಂದು ಹೆಸರಾದ ಕೆಂಪು ಚಾಕುಗಳ ಒಳಗೆ ಇರುವುದು ಅಲ್ಯೂಮಿನಿಯಂ ತಗಡೇ. ಅದು ಜಾಣ ಆಯ್ಕೆ, ಒಪ್ಪೋಣ. ಆದರೆ ಒಂದು ಕಿಲೋ ಅಲ್ಯೂಮಿನಿಯಮ್ಮನ್ನು ಅದಿರಿನ ಪುಡಿಯಿಂದ ಬೇರ್ಪಡಿಸಲು ಸುಮಾರು 14–15 ಯೂನಿಟ್ ವಿದ್ಯುತ್ ಬೇಕು. ಟೈಟಾನಿಯಂ ಇದಕ್ಕೂ ದುಬಾರಿ. ಅದರ ಅದಿರು ಕೇರಳದ ಚವರದಂಥ ಕಡಲತೀರಗಳ ಮರಳಿನಲ್ಲಿದೆ, ಅದನ್ನು ಲೋಹವಾಗಿಸಲು ಮ್ಯಾಗ್ನೀಸಿಯಮ್ಮನ್ನು ಸುರಿಯಬೇಕು. ಎರಡು ಲೀಟರ್ ನೀರು, ನಾಲ್ಕು ಪೊಟ್ಟಣ ಚಿಪ್ಸ್ ಹೊತ್ತು ಸಿದ್ಧರಬೆಟ್ಟ ಹತ್ತುವವರು ಚಾಕುವಿನಲ್ಲಿ ಹತ್ತು ಗ್ರಾಂ ಉಳಿಸಲು ಇಷ್ಟೆಲ್ಲ ಮಾಡುವುದು ನಗೆಪಾಟಲಿನ ಸಂಗತಿ.

ತಗಡೇ ಇಲ್ಲದೆ ಚಾಕು ಮಾಡಬಹುದೇ? ಮಾಡಬಹುದು. ಪ್ಲಾಸ್ಟಿಕ್ ಚಾಕು ಮಾಡಿರುವುದೂ ಅದನ್ನೇ. ಗಾಜಿನ ಎಳೆ ಬೆರೆಸಿದ ನೈಲಾನ್ ಗಟ್ಟಿಯಾದದ್ದು, ಮಳೆಗೆ ಊದುವುದಿಲ್ಲ, ಹಗುರವೂ ಹೌದು. ವಸ್ತುವಿನ ಗುಣವನ್ನು ಹೀಗಳೆಯಲು ಕಾರಣವಿಲ್ಲ. ದೋಷವಿರುವುದು ಜೋಡಣೆಯಲ್ಲಿ. ಅಲಗನ್ನು ಒಂದು ಟೊಳ್ಳು ರಿವಿಟ್ಟಿನಿಂದ ಸಿಕ್ಕಿಸಿ, ಎರಡು ಹೋಳುಗಳನ್ನು ಮತ್ತೆ ಬಿಚ್ಚಲಾಗದಂತೆ ಬೆಸೆದುಬಿಟ್ಟರೆ, ಕೀಲು ಸವೆದ ದಿನವೇ ಚಾಕುವಿನ ಆಯುಷ್ಯ ಮುಗಿಯಿತು. ಕೆಲವರು ರಿವಿಟ್ಟಿನ ಬದಲು ನಕ್ಷತ್ರದ ಆಕಾರದ ತಲೆಯ ಪುಟ್ಟ ಸ್ಕ್ರೂಗಳನ್ನು ಹಾಕುತ್ತಾರೆ. ದೊಡ್ಡೇರಿಯ ಸಂತೆಯಲ್ಲಿ ಅದನ್ನು ಬಿಚ್ಚುವ ಉಪಕರಣಕ್ಕಾಗಿ ಹುಡುಕಿ ನೋಡಿ.

ಇದೇ ತತ್ವವನ್ನು ಮರದಲ್ಲಿ ಮಾಡಿ ತೋರಿಸಿದವರು ನಮ್ಮಂತೆಯೇ ಬೆಟ್ಟದ ನಾಡಿನವರು. ಆಲ್ಪ್ಸ್ ಪರ್ವತದ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಅಲ್ಲಿನ ರೈತರಿಗಾಗಿ ಒಂದು ಚಾಕು ಮಾಡಿದ. ಒಂದೇ ತುಂಡು ಮರದ ಹಿಡಿ, ಅದರಲ್ಲೊಂದು ಸೀಳು, ತೆಳ್ಳನೆಯ ಅಲಗು, ಆರುಪಾರು ಹಾಯಿಸಿದ ಒಂದು ಕೀಲು. ಒಳತಗಡಿಲ್ಲ, ಕಮಾನಿಲ್ಲ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ, ತಿರುಗಿಸಿ ಬಿಗಿಮಾಡುವ ಲೋಹದ ಬಳೆ ಬಂದದ್ದು 1955ರಲ್ಲಿ. ಎಂಟೂವರೆ ಸೆಂಟಿಮೀಟರ್ ಅಲಗಿನ ಆ ಚಾಕು ತೂಗುವುದು 45–50 ಗ್ರಾಂ ಮಾತ್ರ. ಪ್ಲಾಸ್ಟಿಕ್ ಚಾಕು ಬಡಾಯಿ ಕೊಚ್ಚಿಕೊಳ್ಳುವ ತೂಕವನ್ನು ಬೀಚ್ ಮರ ನೂರು ವರ್ಷಗಳ ಹಿಂದೆಯೇ ಮುಟ್ಟಿತ್ತು. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಚಾಕುವಂತೂ ಇನ್ನೂ ಸರಳ. ಮಡಚಿದ ಒಂದೇ ತಗಡು ಅದರ ಹಿಡಿ; ಅಲಗಿನ ಹಿಂದೆ ಚಾಚಿದ ಪುಟ್ಟ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅದೇ ಬೀಗ. ನಮ್ಮ ಕಮ್ಮಾರರಿಗೆ ಇವೆರಡರಲ್ಲಿ ಯಾವುದೂ ಒಗಟಲ್ಲ.

ಮರಕ್ಕೆ ಅದರದೇ ತೊಡಕುಗಳಿವೆ, ಮುಚ್ಚಿಡಬೇಕಾಗಿಲ್ಲ. ಮಳೆಯಲ್ಲಿ ನೆಂದರೆ ಸೀಳು ಊದಿ ಅಲಗು ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳಿಗೆ ಇದು ನಿಜವಾದ ಆಕ್ಷೇಪ. ಬಯಲುಸೀಮೆಯ ನಮಗೆ ತೊಂದರೆ ತಿರುಗುಮುರುಗು: ಏಪ್ರಿಲ್ ಬಿಸಿಲಿಗೆ ಮರ ಕುಗ್ಗಿ ಕೀಲು ಸಡಿಲವಾಗುತ್ತದೆ. ಆದುದರಿಂದ ಚೆನ್ನಾಗಿ ಒಣಗಿ ಹದಗೊಂಡ ಮರವೇ ಬೇಕು. ಅದಕ್ಕಾಗಿ ಯಾವ ಮರವನ್ನೂ ಕಡಿಯಬೇಕಾಗಿಲ್ಲ. ಟ್ರಾಕ್ಟರು ಬಂದಮೇಲೆ ಹಿತ್ತಿಲಲ್ಲಿ ಬಿದ್ದಿರುವ ನೇಗಿಲಿನ ಮೇಳಿ, ಗಾಡಿಯ ಮೂಕಿ, ಮುರಿದ ಕುಂಟೆ, ಇವೆಲ್ಲ ಹತ್ತಾರು ವರ್ಷ ಬಿಸಿಲು ಮಳೆ ಕಂಡ ಜಾಲಿ, ದಿಂಡಿಗದಂಥ ಗಟ್ಟಿಮರಗಳು. ಒಂದು ಮೇಳಿಯಿಂದ ಹಲವು ಹಿಡಿಗಳಾಗುತ್ತವೆ. ಹಳೆಯ ಚಾಕುಗಳಲ್ಲಿ ಕಾಣುವ ಜಿಂಕೆ ಕೊಂಬಿನ ಹಿಡಿಯನ್ನು ಮಾತ್ರ ಯಾರೂ ಬಯಸಬೇಡಿ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅಡ್ಡವಿದೆ. ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಪಡೆದುಕೊಂಡ ತಾಲ್ಲೂಕಿನವರು ನಾವು.

ಇನ್ನು ಅಲಗಿನ ಮಾತು. ತುಕ್ಕು ಹಿಡಿಯದ ಉಕ್ಕೆಂದರೆ ಮೇಲು, ಕಮ್ಮಾರನ ಉಕ್ಕೆಂದರೆ ಕೀಳು ಎಂಬ ಭಾವನೆ ಓದಿದವರಲ್ಲಿ ಬೇರೂರಿದೆ. ತುಕ್ಕು ತಡೆಯಬೇಕಾದರೆ ಉಕ್ಕಿನಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರಬೇಕು. ಆದರೆ ಬಾಯಿ ಚೂಪಾಗಿ ಉಳಿಯುವುದು ಮುಖ್ಯವಾಗಿ ಇಂಗಾಲದಿಂದ, ಹದದಿಂದ ಮತ್ತು ಅಲಗಿನ ತೆಳುವಿನಿಂದ. ಒಳ್ಳೆಯ ಸ್ಟೇನ್‌ಲೆಸ್ ಉಕ್ಕುಗಳಿಲ್ಲವೆಂದಲ್ಲ. ಮೀನು ಕೊಯ್ಯುವವರಿಗೆ, ಕರಾವಳಿಯವರಿಗೆ ಅದೇ ಸರಿ. ಆದರೆ ಅಗ್ಗದ ಚಾಕುವಿನ ಮೇಲೆ ಬರೀ ‘ಸ್ಟೇನ್‌ಲೆಸ್’ ಎಂದಷ್ಟೇ ಕೊರೆದಿದ್ದರೆ, ಅದು ಬಹುಪಾಲು ಇಂಗಾಲ ಕಡಿಮೆಯಿರುವ ಮೆತ್ತನೆಯ ಉಕ್ಕು. ನಾಲ್ಕು ಹಗ್ಗ ಕೊಯ್ಯುವಷ್ಟರಲ್ಲಿ ಬಾಯಿ ಮಗುಚಿಕೊಳ್ಳುತ್ತದೆ. ಆ ಹೊಳಪಿಗಾಗಿ ಬೇಕಾದ ಕ್ರೋಮಿಯಂ ಎಲ್ಲಿಂದ ಬರುತ್ತದೆಂಬುದೂ ಗೊತ್ತಿರಲಿ. ನಮ್ಮ ದೇಶದ ಕ್ರೋಮೈಟ್ ಅದಿರಿನ ಬಹುತೇಕ ಪಾಲು ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ. 2007ರಲ್ಲಿ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಲೋಕದ ಹತ್ತು ಅತಿ ಮಲಿನ ಸ್ಥಳಗಳ ಪಟ್ಟಿಯಲ್ಲಿ ಆ ಕಣಿವೆಯನ್ನು ಸೇರಿಸಿತ್ತು. ಒಂದು ಚಾಕುವಿನಿಂದ ಒಂದು ಕಣಿವೆ ಹಾಳಾಗುವುದಿಲ್ಲ, ನಿಜ. ಆದರೆ ವರ್ಷಕ್ಕೊಂದು ಚಾಕು ಬಿಸಾಡುವ ಅಭ್ಯಾಸ ಚಾಕುವಿಗಷ್ಟೇ ನಿಲ್ಲುವುದಿಲ್ಲ. ಕಬ್ಬಿಣದ ಗಣಿಯ ಧೂಳು ನಮಗೂ ಹೊರಗಿನದಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಅದಿರು ತೆಗೆಯುವುದಕ್ಕೆ ತಡೆ ಹಾಕಿದ್ದು ಬಳ್ಳಾರಿಯಲ್ಲಿ ಮಾತ್ರವಲ್ಲ, ಚಿತ್ರದುರ್ಗ ಮತ್ತು ನಮ್ಮ ತುಮಕೂರು ಜಿಲ್ಲೆಗಳಲ್ಲಿಯೂ.

ಉಕ್ಕಿನ ವಿಷಯದಲ್ಲಿ ಈ ಸೀಮೆಯವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ, ಚನ್ನರಾಯನದುರ್ಗಗಳ ಕಡೆಯ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಬೆಟ್ಟದ ತೊರೆಗಳು ಹೊತ್ತು ತರುವ ಕರಿಮರಳನ್ನು ಕರಗಿಸಿ ಕಬ್ಬಿಣ ಮಾಡುತ್ತಿದ್ದರು. ಆ ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದರಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿಗಳಾಗುತ್ತಿದ್ದವು. ಈ ಬಗೆಯ ಉಕ್ಕಿಗೆ ಇಂಗ್ಲಿಷರು ‘ವೂಟ್ಸ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮುಂಬಯಿಯಿಂದ ಡಾ. ಸ್ಕಾಟ್ ಎಂಬಾತ ಲಂಡನ್ನಿಗೆ ಕಳಿಸಿದ ವೂಟ್ಸ್ ತುಣುಕಿನಿಂದ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಮೊದಲು ಮಾಡಿ ನೋಡಿದ್ದು ಏನನ್ನು? ಒಂದು ಪುಟ್ಟ ಲೇಖನಿ ಚಾಕುವನ್ನು! ಅದು ಅಲ್ಲಿನ ಒಳ್ಳೆಯ ಉಕ್ಕಿನ ಚಾಕುವಿಗೆ ಸಾಟಿಯೆಂದು 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದ ಪಿಯರ್ಸನ್ನನ ವರದಿಯಲ್ಲಿ ದಾಖಲಾಗಿದೆ.

ಹಾಗೆಂದು ಹಳೆಯದೆಲ್ಲವೂ ಹಸುರಾಗಿತ್ತೆಂದು ಹೇಳಿದರೆ ಅದು ಸುಳ್ಳು. ಆ ಮೂಸೆಗಳು ಗುಡ್ಡಗಳ ಮರವನ್ನು ಇದ್ದಿಲಾಗಿ ತಿಂದವು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾದದ್ದೂ ಮಲೆನಾಡಿನ ಇದ್ದಿಲಿನ ಮೇಲೆಯೇ. ಮರಳಿ ಅದಿರು ಕರಗಿಸಿರೆಂದು ನಾವು ಕೇಳುತ್ತಿಲ್ಲ. ಉಕ್ಕು ಈಗಾಗಲೇ ಗುಜರಿ ಅಂಗಡಿಯಲ್ಲಿ ಬಿದ್ದಿದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಶೇಕಡಾ 0.6ರಷ್ಟು ಇಂಗಾಲವಿದ್ದು, ಅದರ ಅಲಗು ಬಾಗಿದರೂ ಸುಲಭಕ್ಕೆ ಮುರಿಯದು. ಸವೆದ ಅರದಲ್ಲಿ ಇದರ ಸುಮಾರು ಎರಡು ಪಟ್ಟಿದೆ. ಬಾಯಿ ಹೆಚ್ಚು ದಿನ ಉಳಿಯುತ್ತದೆ, ಆದರೆ ಹದ ತಪ್ಪಿದರೆ ಬಳಪದಂತೆ ತುಂಡಾಗುತ್ತದೆ. ಕಸಿಗೆ, ಹಣ್ಣಿಗೆ, ಮುಳ್ಳಿಗೆ ಅರದ ಅಲಗು ಮೇಲು. ಹಗ್ಗ ಹಿರಿದು ಕೊಯ್ಯುವ, ಕುರಿಯ ಗೊರಸು ಕತ್ತರಿಸುವ ಕೆಲಸಕ್ಕೆ ಸ್ಪ್ರಿಂಗ್ ಪಟ್ಟಿಯೇ ಸರಿ. ಕುಲುಮೆಗೆ ಬೇಕಾದ ಇದ್ದಿಲನ್ನು ಪಾವಗಡ, ಶಿರಾ ಕಡೆ ಕೆರೆಯಂಗಳಗಳನ್ನೇ ನುಂಗಿರುವ ಬಳ್ಳಾರಿಜಾಲಿಯಿಂದ ಸುಡಲಿ. ಅದನ್ನು ಕಡಿದರೆ ಅಳುವವರಿಲ್ಲ.

ಈ ಉಕ್ಕು ತುಕ್ಕು ಹಿಡಿಯುತ್ತದೆ, ಹುಣಸೆ ನಿಂಬೆ ತಾಗಿದರೆ ಕಪ್ಪಾಗುತ್ತದೆ. ಅದು ನಿಜ. ಕೊಯ್ದ ಮೇಲೆ ಒರಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುವ ಕೆಲಸಕ್ಕೆ ಅರ್ಧ ನಿಮಿಷ ಸಾಕು. ಅಷ್ಟನ್ನೂ ಮಾಡಲಾರೆವೆನ್ನುವವರು ಚಾಕುವನ್ನೇ ಇಟ್ಟುಕೊಳ್ಳಬಾರದು.

ಹೋಬಳಿಗಳಲ್ಲಿ ಉಳಿದಿರುವ ಕುಲುಮೆಗಳ ಬೆಂಕಿ ಈಗ ವರ್ಷಪೂರ್ತಿ ಉರಿಯುವುದಿಲ್ಲ. ನೇಗಿಲ ಕುಳ ಹೋಯಿತು, ಬಂಡಿಯ ಪಟ್ಟಿ ಹೋಯಿತು. ಸುಗ್ಗಿಯ ಮುಂಚೆ ಕುಡುಗೋಲಿಗೆ ಹಲ್ಲು ಹಾಕುವುದು, ಗುದ್ದಲಿ ತಟ್ಟುವುದು ಬಿಟ್ಟರೆ ಕೆಲಸ ವಿರಳ. ಕಮ್ಮಾರನ ಮಗ ಬೆಂಗಳೂರಿನಲ್ಲಿ ಗೇಟು ಬೆಸುಗೆ ಹಾಕುತ್ತಾನೆ. ಅವನು ಹೋದಮೇಲೆ ನಮ್ಮ ಸುತ್ತ ಯಾವುದನ್ನೂ ರಿಪೇರಿ ಮಾಡುವ ಕೈ ಉಳಿಯುವುದಿಲ್ಲ. ಆಗ ಬಿಸಾಡುವ ಚಾಕು ನಮ್ಮ ಆಯ್ಕೆಯಾಗಿರುವುದಿಲ್ಲ, ಅನಿವಾರ್ಯವಾಗಿರುತ್ತದೆ. ಕಮ್ಮಾರನ ಕೆಲಸ ಒರಟು, ನಯವಿಲ್ಲ ಎಂಬ ದೂರು ಸುಳ್ಳಲ್ಲ. ಆದರೆ ಕುಡುಗೋಲಿನ ದರ ಕೊಟ್ಟು ಕೈಗಡಿಯಾರದ ನಯ ಕೇಳುವುದು ಯಾವ ನ್ಯಾಯ? ಚಾಕುವಿಗೆ ಚಾಕುವಿನ ದರ ಕೊಡಿ, ನಯವನ್ನೂ ಕೇಳಿ.

ಮುಂದಿನ ಶಿಬಿರಕ್ಕೆ ಚಾಕು ಮಾಡಿಸುವವರು ಹೀಗೆ ಹೇಳಿ. ಅಲಗಿನ ಬೆನ್ನು 2 ಮಿ.ಮೀ. ಮೀರದಿರಲಿ, 3 ಮಿ.ಮೀ. ಅಲಗು ಬಲವಾಗಿ ಕಂಡರೂ ಹಣ್ಣನ್ನು ಕೊಯ್ಯದೆ ಸೀಳುತ್ತದೆ, ಮೇಲೆ ಹತ್ತು ಗ್ರಾಂ ದಂಡ. ಪಟ್ಟಿಯಲ್ಲಿ ಹಳೆಯ ಬಿರುಕಿದೆಯೇ ಎಂದು ನೋಡಿಸಿ. ಎಣ್ಣೆಯಲ್ಲಿ ಅದ್ದಿ, ಅನಂತರ ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ನಿಧಾನವಾಗಿ ಕಾಯಿಸಲಿ. ಹಿಡಿ ಒಂದೇ ತುಂಡು ಮರದ್ದಾಗಿರಲಿ, ಒಳತಗಡು ಬೇಡ. ಕೀಲು ಮಾತ್ರ ಗಟ್ಟಿಯಾದ ಹಿತ್ತಾಳೆ ಕಡ್ಡಿಯದಾಗಿರಲಿ, ಎರಡೂ ಕಡೆ ವಾಷರ್ ಇರಲಿ; ಸಡಿಲವಾದಾಗ ಅಡಿಗಲ್ಲಿನ ಮೇಲಿಟ್ಟು ಎರಡು ಪೆಟ್ಟು ಹಾಕಿದರೆ ಮತ್ತೆ ಬಿಗಿಯಾಗಬೇಕು. ಅಲಗಿನ ಹಿಂದೆ ಹೆಬ್ಬೆರಳಿಗೆ ಸಿಗುವ ಬಾಲವನ್ನು ಬಿಡಿಸಿ, ಏಕೆಂದರೆ ಬೀಗವಿಲ್ಲದ ಚಾಕು ಮಕ್ಕಳ ಕೈಯಲ್ಲಿ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಎಲ್ಲ ಸೇರಿ 45 ಗ್ರಾಮಿನ ಆಸುಪಾಸು ಬರುತ್ತದೆ. ಮೊದಲ ಎರಡು ಮೂರು ಚಾಕುಗಳು ಅಂದುಕೊಂಡಂತೆ ಆಗದಿರಬಹುದು. ಆರ್ಡರನ್ನು ಅಲ್ಲಿಗೇ ನಿಲ್ಲಿಸಬೇಡಿ.