ಕಣ್ಣು ನೋಡಿ ಪ್ರಿಂಟ್ ಹೊಡೆಯಪ್ಪಾ!

ಕಳೆದ ಭಾನುವಾರ ಬೆಳಿಗ್ಗೆ ಇನ್ನೂ ಹಲ್ಲುಜ್ಜಿರಲಿಲ್ಲ, ಗೆಳೆಯನೊಬ್ಬ ರೂಮಿನ ಬಾಗಿಲು ಬಡಿದ. ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಹೊಡೆಯುವುದು ಅವನ ಕಸುಬು. ಹೀರೋಗಳ ಹುಟ್ಟುಹಬ್ಬ ಬಂತೆಂದರೆ ಅವನ ಮನೆಯಲ್ಲಿ ಒಬ್ಬಟ್ಟು! ಆವತ್ತು ಅವನ ಕೈಯಲ್ಲಿ ಫೋನು, ಮುಖದಲ್ಲಿ ಮೊದಲ ದಿನದ ಮೊದಲ ಆಟಕ್ಕೆ ಟಿಕೆಟ್ ಸಿಕ್ಕವನ ಕಳೆ.

"ಲೋ, ಮಿಕ್ಕಿ ಮೌಸ್ ಫ್ರೀ ಆಗಿದೆಯಂತಲ್ಲೋ! ಯಾರು ಬೇಕಾದ್ರೂ ಪ್ರಿಂಟ್ ಹೊಡ್ಕೋಬಹುದಂತೆ. ಐನೂರು ಶರ್ಟಿಗೆ ಅಡ್ವಾನ್ಸ್ ಕೊಟ್ಬಿಡ್ತೀನಿ. ದುಡ್ಡಿಗೆ ನಮ್ಮನೆಯವಳ ಬಳೆ ಇದೆ."

"ಮೊದ್ಲು ಕೂತ್ಕೋ, ಕಾಫಿ ಕುಡಿ" ಅಂದೆ.

ನಾನು ವಕೀಲನಲ್ಲ ಮಿತ್ರರೇ, ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟವನು. ಆದರೆ ಒಮ್ಮೆ ಒಬ್ಬ ನಿರ್ಮಾಪಕರಿಗೆ ಮೂರು ಗಂಟೆ ಕಥೆ ಹೇಳಿ, ಕಾಗದ-ಪತ್ರ ಯಾವುದೂ ಇಲ್ಲದೆ ಎದ್ದು ಬಂದು, ಎರಡು ವರ್ಷದ ಮೇಲೆ ನನ್ನದೇ ಕಥೆಯನ್ನು ಗಾಂಧಿನಗರದಲ್ಲಿ ಟಿಕೆಟ್ ಕೊಂಡು ನೋಡಿದ್ದೇನೆ. ಅವತ್ತಿನಿಂದ ಕಾಪಿರೈಟ್ ಎಂಬ ಮಾತು ಬಿದ್ದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಆದ್ದರಿಂದ ಅವನಿಗೆ ಇಲಿಯ ಕಥೆ ಹೇಳುವ ಮೊದಲು ಮೊಲದ ಕಥೆ ಹೇಳಿದೆ.

1927ನೇ ಇಸವಿ. ವಾಲ್ಟ್ ಡಿಸ್ನಿ ಆಗ ಇನ್ನೂ ಸಾಲಗಾರ ಹುಡುಗ. ಅವನೂ ಅವನ ಗೆಳೆಯ ಉಬ್ ಐವರ್ಕ್ಸ್ ಎಂಬ ಅದ್ಭುತ ಕೈಗಾರನೂ ಸೇರಿ ಆಸ್ವಾಲ್ಡ್ ಎಂಬ ಮೊಲವನ್ನು ಸೃಷ್ಟಿಸಿದರು. ಕಾರ್ಟೂನು ಹಂಚುತ್ತಿದ್ದದ್ದು ಯೂನಿವರ್ಸಲ್ ಸಂಸ್ಥೆ, ನಡುವೆ ನಿಂತವನು ಚಾರ್ಲ್ಸ್ ಮಿಂಟ್ಜ್. ಮೊಲ ಗೆದ್ದಿತು! ಚಾಕೊಲೇಟಿನ ಮೇಲೆ ಮೊಲ, ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯ ಮೇಲೆ ಮೊಲ. 1928ರ ಆರಂಭದಲ್ಲಿ ಡಿಸ್ನಿ ಸಂಭಾವನೆ ಹೆಚ್ಚಿಸಿ ಎಂದು ಕೇಳಲು ನ್ಯೂಯಾರ್ಕಿಗೆ ಹೋದ. ಮಿಂಟ್ಜ್ ಏನಂದ ಗೊತ್ತೆ? ಹೆಚ್ಚಿಸುವುದಿರಲಿ, ಶೇಕಡಾ 20 ಕಡಿಮೆ ಮಾಡ್ತೀನಿ ಅಂದ! ಅಷ್ಟರಲ್ಲಿ ಡಿಸ್ನಿಯ ಹೆಚ್ಚಿನ ಚಿತ್ರಕಾರರನ್ನೂ ಅವನು ಒಳಗಿಂದೊಳಗೇ ತನ್ನ ಕಡೆಗೆ ಎಳೆದುಕೊಂಡಿದ್ದ. ಒಪ್ಪಂದದ ಕಾಗದ ತೆಗೆದು ನೋಡಿದರೆ ಮೊಲ ಯೂನಿವರ್ಸಲ್‌ನದು. ಮೊಲವನ್ನು ಹುಟ್ಟಿಸಿದವನಿಗೆ ಅದರ ಮೇಲೆ ಹಕ್ಕೇ ಇಲ್ಲ!

ಐವರ್ಕ್ಸ್ ಮಾತ್ರ ಕೈಬಿಡಲಿಲ್ಲ. ಆ ಪೆಟ್ಟಿನಿಂದಲೇ ಹುಟ್ಟಿತು ನಮ್ಮ ಇಲಿ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಚಿತ್ರಮಂದಿರದಲ್ಲಿ 'ಸ್ಟೀಮ್‌ಬೋಟ್ ವಿಲ್ಲಿ' ತೆರೆ ಕಂಡಿತು. ಈ ಸಲ ಡಿಸ್ನಿ ಹಕ್ಕನ್ನು ಗಟ್ಟಿಯಾಗಿ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡ.

ಮರುವರ್ಷ ನ್ಯೂಯಾರ್ಕಿನ ಹೋಟೆಲಿನಲ್ಲಿ ಯಾರೋ ಬಂದು, ಶಾಲೆಯ ಮಕ್ಕಳು ಬರೆಯುವ ಪುಸ್ತಕಕ್ಕೆ ನಿಮ್ಮ ಇಲಿಯ ಚಿತ್ರ ಹಾಕಿಕೊಳ್ತೀನಿ, 300 ಡಾಲರ್ ತಗೊಳ್ಳಿ ಅಂದನಂತೆ. ಕೈ ಬರಿದಾಗಿತ್ತು, ತೆಗೆದುಕೊಂಡೆ ಎಂದು ಡಿಸ್ನಿಯೇ ಮುಂದೆ ಹೇಳುತ್ತಿದ್ದ. 1932ರಲ್ಲಿ ಕೇ ಕಾಮೆನ್ ಎಂಬ ಜಾಹೀರಾತಿನ ಚತುರ ಬಂದ ಮೇಲೆ ನೋಡಿ ಆಟ! 1933ರಲ್ಲಿ ಇಂಗರ್ಸಾಲ್ ಕಂಪನಿಯ ಮಿಕ್ಕಿ ಗಡಿಯಾರ ಬಂತು. ಇಲಿಯ ಎರಡು ಕೈಗಳೇ ಗಡಿಯಾರದ ಮುಳ್ಳು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕುಸಿಯುತ್ತಿದ್ದ ಆ ಕಂಪನಿಯೇ ಎದ್ದು ನಿಂತಿತು. ಸಿನಿಮಾ ಟಿಕೆಟ್ಟು ಒಂದು ಸಲದ ಗಿರಾಕಿ. ಗಡಿಯಾರ, ಬೊಂಬೆ, ಶರ್ಟು... ಅವೆಲ್ಲ ದಿನದಿನದ ಗಲ್ಲಾಪೆಟ್ಟಿಗೆ ಸ್ವಾಮಿ!

ಅಂದಹಾಗೆ ಇಲಿಯನ್ನು ಬರೆದ ಕೈ ಐವರ್ಕ್ಸನದು ಅಂದೆನಲ್ಲ? ಮನಸ್ತಾಪವಾಗಿ ಅವನು 1930ರಲ್ಲಿ ಡಿಸ್ನಿಯನ್ನು ಬಿಟ್ಟ. ಕಂಪನಿಯಲ್ಲಿ ಶೇಕಡಾ 20ರಷ್ಟಿದ್ದ ತನ್ನ ಪಾಲಿಗೆ ಅವನು ತೆಗೆದುಕೊಂಡು ಹೋದದ್ದು 2,920 ಡಾಲರ್. ಆ ಪಾಲು ಇವತ್ತಿಗೆ ಎಷ್ಟಾಗುತ್ತಿತ್ತೋ, ಲೆಕ್ಕ ಹಾಕಲು ಹೋದರೆ ತಲೆ ತಿರುಗುತ್ತದೆ. ಇದಕ್ಕೂ ಹಿಂದಿನ ಸ್ಟಾರು ಫೆಲಿಕ್ಸ್ ಎಂಬ ಬೆಕ್ಕಿನದೂ ಇದೇ ಗೋಳು. ಬರೆದವನು ಆಟೊ ಮೆಸ್ಮರ್ ಎನ್ನುತ್ತಾರೆ ಚರಿತ್ರೆ ಬಲ್ಲವರಲ್ಲಿ ಬಹುಪಾಲು ಜನ. ಪರದೆಯ ಮೇಲೆ ಹೆಸರು ಮಾತ್ರ ಧಣಿ ಪ್ಯಾಟ್ ಸಲಿವನ್‌ನದು. ಬೊಂಬೆ ಮಾರಿದ ಹಣ ಧಣಿಗೆ, ಮೆಸ್ಮರನಿಗೆ ಸಂಬಳ.

ಮೊಲ ಏನಾಯಿತು ಅಂತೀರಾ? 2006ರಲ್ಲಿ ಡಿಸ್ನಿ ಕಂಪನಿಗೆ ವಾಪಸ್ಸು ಬಂತು. ತಮ್ಮ ಟಿ.ವಿ.ಯಲ್ಲಿದ್ದ ಅಲ್ ಮೈಕಲ್ಸ್ ಎಂಬ ಹೆಸರಾಂತ ಕ್ರೀಡಾ ವೀಕ್ಷಕ ವಿವರಣೆಗಾರನನ್ನು ಯೂನಿವರ್ಸಲ್‌ನವರ ಎನ್‌ಬಿಸಿಗೆ ಬಿಟ್ಟುಕೊಟ್ಟು, ಬದಲಿಗೆ ಮೊಲವನ್ನು ತಂದರು. ಒಬ್ಬ ಜೀವಂತ ಮನುಷ್ಯನಿಗೆ ಒಂದು ಗೀಚಿದ ಮೊಲ!

"ಕಥೆ ಚೆನ್ನಾಗಿದೆ. ನನ್ನ ಶರ್ಟಿನ ವಿಷಯ ಹೇಳು" ಅಂದ ಗೆಳೆಯ.

ಹೇಳಿದೆ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಕಾಪಿರೈಟು 95 ವರ್ಷ. ಮೊದಲು 75 ಇತ್ತು, 1998ರಲ್ಲಿ ಕಾಯಿದೆ ತಂದು 20 ವರ್ಷ ಎಳೆದರು. ಆ ಕಾಯಿದೆಗೆ ಜನ ಮಿಕ್ಕಿ ಮೌಸ್ ಕಾಯಿದೆ ಎಂದೇ ಅಡ್ಡಹೆಸರಿಟ್ಟರು. ಹಾಗಾಗಿ 'ಸ್ಟೀಮ್‌ಬೋಟ್ ವಿಲ್ಲಿ' ಬಿಡುಗಡೆಯಾದದ್ದು 2024ರ ಜನವರಿ 1ಕ್ಕೆ. ಆದರೆ ಬಿಡುಗಡೆಯಾದದ್ದು ಆ ಚಿತ್ರದ ಇಲಿ: ಕಪ್ಪು-ಬಿಳುಪು, ಕೈಗೆ ಗವಸಿಲ್ಲ, ಕಣ್ಣೆಂದರೆ ಬರೀ ಕಪ್ಪು ಚುಕ್ಕೆ. ಗವಸು ಬಂದದ್ದು 1929ರ ಚಿತ್ರದಲ್ಲಿ, ಅದು 2025ಕ್ಕೆ ಬಿಡುಗಡೆ. ಬಿಳಿ ಕಣ್ಣೊಳಗೆ ಕಪ್ಪು ಪಾಪೆ ಇರುವ ಇಲಿ 1939ರ 'ದಿ ಪಾಯಿಂಟರ್'ನದು. ಅದಕ್ಕೆ 2035ರ ತನಕ ಕಾಯಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಕಾಪಿರೈಟು ಸಾಯುತ್ತದೆ, ಟ್ರೇಡ್ ಮಾರ್ಕ್ ಸಾಯುವುದಿಲ್ಲ. ನಮ್ಮ ದೇಶದಲ್ಲೂ ಹತ್ತು ಹತ್ತು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋದರೆ ಅದು ಚಿರಂಜೀವಿ. ಶರ್ಟು ನೋಡಿದ ಗಿರಾಕಿ ಇದು ಡಿಸ್ನಿಯವರದೇ ಮಾಲು ಎಂದು ನಂಬಿ ಕೊಂಡರೆ ಅಲ್ಲೇ ಸಿಕ್ಕಿಬಿದ್ದೆ. ಜೊತೆಗೆ ನಮ್ಮ 1957ರ ಕಾಪಿರೈಟ್ ಕಾಯಿದೆಯ ಲೆಕ್ಕವೇ ಬೇರೆ. ಸಿನಿಮಾಕ್ಕೆ ಬಿಡುಗಡೆಯ ಮೇಲೆ 60 ವರ್ಷ. ಚಿತ್ರಕಾರನ ಚಿತ್ರಕ್ಕೆ ಅವನ ಆಯಸ್ಸಿನ ಮೇಲೆ 60 ವರ್ಷ. ಅಮೆರಿಕದ ಬಿಡುಗಡೆ ಪತ್ರ ಚಿಕ್ಕಪೇಟೆಯಲ್ಲಿ ಹಾಗೆಯೇ ನಡೆಯುತ್ತದೆ ಅಂದ್ಕೋಬೇಡ, ಅಡ್ವಾನ್ಸ್ ಕೊಡೋ ಮುಂಚೆ ಒಬ್ಬ ವಕೀಲರನ್ನು ನೋಡು ಅಂದೆ.

ಅವನು ಫೋನಿನಲ್ಲಿದ್ದ ಡಿಸೈನನ್ನು ದೊಡ್ಡದು ಮಾಡಿ ನೋಡಿದ. ನಾನೂ ಬಗ್ಗಿ ನೋಡಿದೆ. ಕೈಗೆ ಗವಸು, ಬಿಳಿ ಕಣ್ಣು, ನಡುವೆ ಎದ್ದು ಕಾಣುವ ಪಾಪೆ!

"ಥೂ ಇವನ, ಕಣ್ಣು ಬಿಟ್ಕೊಂಡು ನನ್ನೇ ನೋಡ್ತಾವ್ನಲ್ಲೋ" ಅಂದ. ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಬಾಗಿಲ ತನಕ ಹೋದವನು ತಿರುಗಿ ನಿಂತ.

"ಹಾಗಾದ್ರೆ... ಹೀರೋ ಮುಖದ ಶರ್ಟು ಹೊಡೀತೀನಲ್ಲ, ಅದು?"

ಅದಕ್ಕೆ ನಾನು ಹೇಳಿದ್ದನ್ನು ಮುಂದಿನ ವಾರ ಬರೆಯುತ್ತೇನೆ.