ದೋಣಿ ಯಾರದು?

ವಿಯೆಟ್ನಾಂ ಯುದ್ಧಕ್ಕೆ ಕಾರಣ ಕೇಳಿದರೆ ದೊಡ್ಡ ದೊಡ್ಡ ಸಿದ್ಧಾಂತ ಹೇಳುವ ಪಂಡಿತರಿದ್ದಾರೆ. ನಾವು ಹೇಳಹೊರಟಿರುವುದು 80 ಅಡಿ ಉದ್ದದ ಒಂದು ಮರದ ದೋಣಿಯ ಮಾತು.

ಅದರ ಹೆಸರು 'ನ್ಯಾಸ್ಟಿ'. ಕಟ್ಟಿದವರು ನಾರ್ವೆಯವರು, ಎಂಜಿನು ಬ್ರಿಟಿಷರದು, ಓಟ ಗಂಟೆಗೆ 45 ಮೈಲಿಗೂ ಮಿಗಿಲು. ತನ್ನ ಕರಾವಳಿ ಕಾಯಲು ನಾರ್ವೆ ಇಂತಹ 20 ದೋಣಿ ಇಟ್ಟುಕೊಂಡಿತು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 1962-63ರಲ್ಲಿ ಅಮೆರಿಕವೂ ಇವನ್ನು ಕೊಳ್ಳತೊಡಗಿತು. ಅವು ಹೋಗಿ ನಿಂತದ್ದು ಅಮೆರಿಕದ ತೀರದಲ್ಲಲ್ಲ, ದಕ್ಷಿಣ ವಿಯೆಟ್ನಾಮಿನ ದನಾಂಗ್ ಬಂದರಿನಲ್ಲಿ! ಮೇಲೆ ದಕ್ಷಿಣ ವಿಯೆಟ್ನಾಮಿನ ನಾವಿಕರು. ದೋಣಿ, ದುಡ್ಡು, ತರಬೇತಿ ಅಮೆರಿಕದವು.

1964ರ ಜುಲೈ 30ರ ನಡುರಾತ್ರಿ ದನಾಂಗಿನ ದೋಣಿಗಳು ಉತ್ತರ ವಿಯೆಟ್ನಾಮಿನ ಹೋನ್ ಮೇ ಮೊದಲಾದ ದ್ವೀಪಗಳ ಮೇಲೆ ಗುಂಡು ಸುರಿದುವು. ಆಗಸ್ಟ್ 2ರಂದು, ಅದೇ ಸಮುದ್ರದಲ್ಲಿ ಗೂಢಚರ್ಯೆಗೆ ಸುಳಿದಾಡುತ್ತಿದ್ದ ಅಮೆರಿಕದ 'ಮ್ಯಾಡಕ್ಸ್' ನೌಕೆಯ ಮೇಲೆ ಉತ್ತರದವರು ಎರಗಿದರು. ಎರಡಕ್ಕೂ ಇರುವ ನಂಟು ಬೀದಿಯ ಹುಡುಗನಿಗೂ ಹೊಳೆದೀತು. ಆಗಸ್ಟ್ 4ರಂದು ಎರಡನೆಯ ದಾಳಿಯಾಯಿತೆಂದು ಕೂಗೆದ್ದಿತು. ಅದು ನಡೆಯಲೇ ಇಲ್ಲವೆಂದು ಅಮೆರಿಕದ ಗೂಢಚಾರ ಇಲಾಖೆಯ ಇತಿಹಾಸಕಾರನೇ ಬರೆದಿಟ್ಟದ್ದು ಹೊರಬಿದ್ದದ್ದು 2005ರಲ್ಲಿ!

ರಕ್ಷಣಾ ಮಂತ್ರಿ ಮ್ಯಾಕ್ನಮಾರಾ ಆಗಸ್ಟ್ 6ರಂದು ಸೆನೆಟ್ ಸಮಿತಿಯ ಮುಂದೆ ಹೇಳಿದ್ದೇನು? ದ್ವೀಪಗಳ ಮೇಲಿನ ದಾಳಿಯಲ್ಲಿ ನಮ್ಮ ನೌಕಾಪಡೆಯ ಕೈವಾಡವಿಲ್ಲ, ಅದರ ಅರಿವೂ ಇರಲಿಲ್ಲ ಎಂದು. ಮರುದಿನ ಕೆಳಮನೆಯಲ್ಲಿ 416 ಮತ, ವಿರುದ್ಧ ಸೊನ್ನೆ. ಸೆನೆಟ್ಟಿನಲ್ಲಿ 88, ವಿರುದ್ಧ ಎರಡೇ. ಅಧ್ಯಕ್ಷ ಜಾನ್ಸನ್‌ಗೆ ಯುದ್ಧದ ಖಾಲಿ ಚೆಕ್ಕು ಸಿಕ್ಕಿತು. ಕಿರಾಣಿ ಅಂಗಡಿಯವನು ಹತ್ತು ರೂಪಾಯಿಯ ಉದ್ರಿಗೂ ಲೆಕ್ಕದ ಪುಸ್ತಕ ಬಿಚ್ಚುತ್ತಾನೆ. ಈ ಮಹನೀಯರು ಪುಸ್ತಕ ಕೇಳದೆ ರುಜು ಹಾಕಿದರು!

ಯುದ್ಧದ ಗುಟ್ಟನ್ನು ಸಂತೆಯಲ್ಲಿ ಸಾರಲಾದೀತೇ ಎನ್ನುವವರಿದ್ದಾರೆ. ಸ್ವಾಮಿ, ಗುಟ್ಟು ಯಾರಿಂದ? ಗುಂಡು ತಿಂದ ದ್ವೀಪದವರಿಗೆ ಗೊತ್ತಿತ್ತು. ಹನೋಯಿ ಸರಕಾರಕ್ಕೆ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ತೆರಿಗೆ ತೆತ್ತ ಅಮೆರಿಕದ ಪ್ರಜೆಗಳು. 1965ರ ಮಾರ್ಚ್ 8ರಂದು ಅದೇ ದನಾಂಗಿನಲ್ಲಿ ಅಮೆರಿಕದ ಪದಾತಿಗಳು ಇಳಿದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಅಮೆರಿಕದ ಸಿಪಾಯಿಗಳು 58,000ಕ್ಕೂ ಹೆಚ್ಚು, ಬಹುಪಾಲು ಕೂಲಿಕಾರರ, ಬಡವರ ಮಕ್ಕಳು. ಸತ್ತ ವಿಯೆಟ್ನಾಮಿಗಳ ಲೆಕ್ಕ ಹತ್ತಾರು ಲಕ್ಷಗಳಲ್ಲಿ.

ಬೇಡವೆಂದು ಕೈಯೆತ್ತಿದ ಆ ಇಬ್ಬರು, ಮೋರ್ಸ್ ಮತ್ತು ಗ್ರೂನಿಂಗ್, 1968ರಲ್ಲಿ ಸ್ಥಾನ ಕಳೆದುಕೊಂಡರು. ಅದೇ ವರ್ಷ ಮ್ಯಾಕ್ನಮಾರಾ ವಿಶ್ವ ಬ್ಯಾಂಕಿನ ಅಧ್ಯಕ್ಷರಾದರು. ಹೌದು, ನಮ್ಮ ಸರಕಾರಗಳೂ ಸಾಲಕ್ಕೆ ಹೋಗುವ ಅದೇ ಬ್ಯಾಂಕು.