ಕೆರೆ ತುಂಬಿದ್ದರೆ ಮಳೆಗೆ ಜಾಗವೆಲ್ಲಿ?

ಬೆಂಗಳೂರಿನಲ್ಲಿ ನೀರು ಮನೆಗೆ ನುಗ್ಗಿದಾಗಲೆಲ್ಲ ರಾಜಕಾಲುವೆಗೆ ಇನ್ನಷ್ಟು ಕಾಂಕ್ರೀಟ್ ಗೋಡೆ ಕಟ್ಟುವ ಮಾತೇ ಮೊದಲು ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದಾಗಲೂ ಅದೇ ಮಾತು ಬಂತು. ನುಣುಪು ಗೋಡೆಯ ಕಾಲುವೆ ಮೇಲಿನ ಬಡಾವಣೆಯ ನೀರನ್ನು ಬೇಗ ಸಾಗಹಾಕುತ್ತದೆ, ನಿಜ. ಕೆಳಗಿನ ಬಡಾವಣೆಗೆ ಅಷ್ಟೇ ಬೇಗ ತಂದು ಸುರಿಯುತ್ತದೆ. ದಿಣ್ಣೆಯ ಮೇಲಿನ ಈ ಊರಿಗೆ ಹಿಂದಿನವರು ಕಂಡುಕೊಂಡಿದ್ದು ನೀರನ್ನು ತಡೆತಡೆದು ಬಿಡುವ ದಾರಿ: ಕಣಿವೆಯುದ್ದಕ್ಕೂ ಕೆರೆಗಳು, ಒಂದರ ಕೋಡಿ ಇನ್ನೊಂದಕ್ಕೆ.

ಕೆರೆ ಉಳಿಯಬೇಕೆಂದು ಈಗ ಎಲ್ಲರೂ ಒಪ್ಪುತ್ತಾರೆ. ಆದರೆ ಕೆರೆ ಇದ್ದರಷ್ಟೇ ಸಾಲದು, ಮಳೆಗಾಲದ ಹೊತ್ತಿಗೆ ಅದು ಒಂದಿಷ್ಟು ಖಾಲಿಯಿರಬೇಕು. ಹಿಂದೆ ನೀರುಗಂಟಿ ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿದ್ದ. ಬೇಸಿಗೆಯಲ್ಲಿ ಕೆರೆ ತಾನಾಗಿ ಇಳಿಯುತ್ತಿತ್ತು. ಅಚ್ಚುಕಟ್ಟು ಲೇಔಟ್ ಆಯಿತು, ತೂಬಿಗೆ ಕೆಲಸ ತಪ್ಪಿತು, ಒಳಚರಂಡಿ ನೀರು ವರ್ಷವಿಡೀ ಬಂದು ಸೇರಿತು. ಏಪ್ರಿಲ್‌ನಲ್ಲೇ ಕೋಡಿಮಟ್ಟಕ್ಕೆ ನಿಂತ ಕೆರೆಗೆ ಜೋರು ಮಳೆಯಾದರೆ ಬಂದದ್ದೆಲ್ಲ ಬಂದ ಹಾಗೆಯೇ ಕೋಡಿ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: 10 ಎಕರೆ ಕೆರೆಯನ್ನು ಒಂದು ಮೀಟರ್ ಇಳಿಸಿದರೆ ಸುಮಾರು 4 ಕೋಟಿ ಲೀಟರಿಗೆ ಜಾಗವಾಗುತ್ತದೆ. 200 ಎಕರೆ ಮೇಲೆ ಬಿದ್ದ 50 ಮಿ.ಮೀ. ಮಳೆ, ಒಂದು ಹನಿಯೂ ಇಂಗದಿದ್ದರೂ, ಅಷ್ಟರಲ್ಲಿ ಹಿಡಿಸುತ್ತದೆ.

ತುಂಬಿದ ಕೆರೆಯೇ ಚೆಂದ, ವಾಕಿಂಗ್ ಹೋಗುವವರಿಗೂ ಅದೇ ಇಷ್ಟ ಎನ್ನುವವರಿದ್ದಾರೆ. ಕೆರೆ ಬತ್ತಿಸಿ ಎಂದು ಯಾರೂ ಹೇಳುತ್ತಿಲ್ಲ. ಅಂಚಿನಲ್ಲಿ ಜೊಂಡು ಬೆಳೆಯುವಂತೆ ಆಳವಿಲ್ಲದ ನೀರು ಉಳಿದರೆ ಹಕ್ಕಿಗಳಿಗೂ ಒಳ್ಳೆಯದೇ. ಕೊಳಕು ನೀರನ್ನು ಕೆಳಗೆ ಬಿಡುವುದು ಹೇಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಒಳಚರಂಡಿಯನ್ನು ಬೇರೆ ಮಾಡದೆ ತೂಬು ತೆಗೆದರೆ ಕೆರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರು ಜೌಗಿನ ಮೂಲಕ ಹಾದು ಕೆರೆ ಸೇರುವ ವ್ಯವಸ್ಥೆಯಿದೆ. ಬೇರೆ ಕಡೆಯೂ ಅದು ಮೊದಲ ಕೆಲಸವಾಗಬೇಕು. ಇನ್ನು ಮಳೆನೀರನ್ನು ಹೀರಿ ಹಿಡಿದಿಡುವಂತೆ ರೂಪಿಸಿದ ಚೀನಾದ ‘ಸ್ಪಂಜ್ ನಗರ’ ಝೆಂಗ್‌ಝೌ 2021ರಲ್ಲಿ ಮುಳುಗಲಿಲ್ಲವೇ ಎಂಬ ಪ್ರಶ್ನೆ. ಅಲ್ಲಿ ಒಂದೇ ಗಂಟೆಯಲ್ಲಿ 200 ಮಿ.ಮೀ. ಮೀರಿ ಸುರಿಯಿತು; ಅಂಥ ಮಳೆಗೆ ಕಾಂಕ್ರೀಟ್ ಕಾಲುವೆಯೂ ಉತ್ತರವಲ್ಲ. ನಮ್ಮನ್ನು ವರ್ಷವರ್ಷವೂ ಕಾಡುವುದು ಅದಕ್ಕಿಂತ ಎಷ್ಟೋ ಚಿಕ್ಕ ಮಳೆ. ತೂಬಿಗೆ ಗೇಟು ಕೂರಿಸುವುದು ದೊಡ್ಡ ಖರ್ಚಲ್ಲ. ಕಷ್ಟವಿರುವುದು ಸರದಿಯಲ್ಲಿ: ಸಾಲಿನ ಕಟ್ಟಕಡೆಯ ಕೆರೆಯನ್ನು ಮೊದಲು ಇಳಿಸಿ, ಆಮೇಲೆ ಒಂದೊಂದೇ ಮೇಲಕ್ಕೆ ಹೋಗಬೇಕು. ಪ್ರತಿ ಕೆರೆಗೂ ಬೇರೆ ಬೇರೆ ಟೆಂಡರ್ ಕರೆದು ಈ ಕೆಲಸ ಆಗುವುದಿಲ್ಲ; ಇಡೀ ಕಣಿವೆಯ ಗೇಟುಗಳು ಒಬ್ಬರ ಸುಪರ್ದಿನಲ್ಲಿರಬೇಕು.